ಇದು ಆಕ್ಷೇಪಣೆಯಲ್ಲ, ವಿನಂತಿ

ನನಗೆ ಸರ್ಪಸುತ್ತು ಆದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಎಡಗಡೆ ಪಕ್ಕೆಲುಬಿನ ಸುತ್ತ. ಧಾರವಾಡದಲ್ಲಿದ್ದ ಅವ್ವ ಫೋನಿನಲ್ಲೇ ನಾಗಪ್ಪನಿಗೆ ಹಾಲೆರೆಯುವ ಹರಕೆ ಹೊತ್ತಳು, ಇಲ್ಲಿ ಸ್ಟುಟ್‌ಗಾರ್ಟಿನ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಹರಕೆಯಿಂದಲೋ ಮಾತ್ರೆಯಿಂದಲೋ ಗುಳ್ಳೆಗಳು ಮೂರು ವಾರದಲ್ಲಿ ಒಣಗಿದವು. ನೋವು ಮಾತ್ರ ಹೋಗಲಿಲ್ಲ. ಚರ್ಮದ ಮೇಲೆ ಏನೂ ಕಾಣುತ್ತಿರಲಿಲ್ಲ, ಆದರೆ ಬಟ್ಟೆ ತಾಗಿದರೂ ಕಾದ ಸವಟು ಇಟ್ಟ ಹಾಗಾಗುತ್ತಿತ್ತು. ಗುಳ್ಳೆ ಹೋದರೂ ನರಕ್ಕೆ ಅದರ ನೆನಪು ಉಳಿದುಬಿಡುತ್ತದೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ ಎಂದು ಡಾಕ್ಟರು ಹೇಳಿದರು. ಆ ಕೆಲವರಲ್ಲಿ ನಾನೂ ಒಬ್ಬಳಾದೆ.

ನನ್ನ ಕೆಲಸವೇ ಕಾರು ಓಡಿಸುವುದು. ಹಾಗೆಂದರೆ ಊರಿನಲ್ಲಿ ಟ್ಯಾಕ್ಸಿ ಓಡಿಸುತ್ತೇನೆ ಎಂದುಕೊಳ್ಳುತ್ತಾರೆ, ಆದ್ದರಿಂದ ಬಿಡಿಸಿ ಹೇಳಬೇಕು. ಎದುರಿಗೆ ಏನಾದರೂ ಅಡ್ಡ ಬಂದರೆ ತಾನಾಗಿಯೇ ಬ್ರೇಕ್ ಹಾಕುವ ಕಾರುಗಳಿವೆಯಲ್ಲ, ಆ ಬ್ರೇಕಿನ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿ ನಾನು ಎಂಜಿನಿಯರು. ಏನೂ ಇಲ್ಲದ ಕಡೆ, ಒಂದು ನೆರಳನ್ನೋ ಹಾರಿಬಂದ ಪ್ಲಾಸ್ಟಿಕ್ ಚೀಲವನ್ನೋ ನೋಡಿ ಹೆದರಿ ಕಾರು ಯಾಕೆ ನಿಲ್ಲುತ್ತದೆ ಎಂದು ಪತ್ತೆ ಮಾಡುವುದು ನನ್ನ ಪಾಲಿನದು. ಅದಕ್ಕಾಗಿ ದಿನಕ್ಕೆ ಮುನ್ನೂರು ಕಿಲೋಮೀಟರು ರಸ್ತೆಯ ಮೇಲೆ ಇರುತ್ತಿದ್ದೆ. ನಮ್ಮ ಗುಂಪಿನಲ್ಲಿ ಸ್ಟೀರಿಂಗ್ ಹಿಡಿಯುತ್ತಿದ್ದ ಹೆಂಗಸು ನಾನೊಬ್ಬಳೇ. ಆ ಸೀಟು ನನಗೆ ಸುಮ್ಮನೆ ಸಿಕ್ಕದ್ದಲ್ಲ. ಆರು ವರ್ಷ ಕಂಪ್ಯೂಟರ್ ಮುಂದೆ ಕೂತು, ಮ್ಯಾನೇಜರುಗಳ ತಲೆ ತಿಂದು, ಒಂದೆರಡು ಸಲ ಮೀಟಿಂಗಿನಲ್ಲಿ ಧ್ವನಿ ಏರಿಸಿ ಪಡೆದದ್ದು. ಜಗಳಗಂಟಿ ಎಂದು ನನಗೆ ಚಿಕ್ಕಂದಿನಿಂದ ಹೆಸರಿದೆ, ನಾನು ಅದನ್ನು ಬೈಗುಳ ಎಂದು ತಿಳಿದಿಲ್ಲ.

ನೋವಿಗೆ ಮೊದಲು ಕೊಟ್ಟ ಮಾತ್ರೆಗಳಿಂದ ಕೂತಲ್ಲೇ ತೂಕಡಿಕೆ ಬರುತ್ತಿತ್ತು. ಒಂದು ದಿನ ಹಾಲಿನ ಪಾತ್ರೆ ಒಲೆಯ ಮೇಲಿಟ್ಟು ಅದು ಉಕ್ಕಿ ಹರಿಯುವುದನ್ನು ನೋಡುತ್ತಾ ನಿಂತಿದ್ದೆನಂತೆ. ಆ ಮಾತ್ರೆ ತಿಂದು ಕಾರು ಓಡಿಸಲು ನನಗೇ ಧೈರ್ಯವಿರಲಿಲ್ಲ. ಕೊನೆಗೆ ನೋವಿನ ಕ್ಲಿನಿಕ್ಕಿನ ಡಾಕ್ಟರು ಕನ್ನಬಿಸ್ ಹನಿಗಳನ್ನು ಬರೆದರು. ರಾತ್ರಿ ಊಟದ ನಂತರ ಇಷ್ಟು ಹನಿ, ಮೊದಲ ಎರಡು ತಿಂಗಳು ಗಾಡಿ ಮುಟ್ಟಬಾರದು, ಆಮೇಲೆ ನಾವೇ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತೇವೆ ಎಂದರು.

ಕನ್ನಬಿಸ್ ಎಂದರೆ ಗಾಂಜಾ. ನಮಗೆ ಗಾಂಜಾ ಎಂದರೆ ಗೊತ್ತಿದ್ದದ್ದು ಎರಡೇ. ಒಂದು, ಮಠದ ಹಿಂದೆ ಚಿಲುಮೆ ಎಳೆಯುವ ಬಾವಾಜಿಗಳು. ಇನ್ನೊಂದು, ಪೇಪರಿನ ಮೂಲೆಯಲ್ಲಿ ಬರುವ 'ಗಾಂಜಾ ಸಾಗಣೆ, ಇಬ್ಬರ ಬಂಧನ'. ಇಲ್ಲಿ ಕಾನೂನು ಸಡಿಲವಾದ ಮೇಲೆ ನಮ್ಮ ಬೀದಿಯ ಪಾರ್ಕಿನಲ್ಲಿ ಹುಡುಗರು ರಾಜಾರೋಷವಾಗಿ ಸೇದುತ್ತಾರೆ. ಆ ವಾಸನೆ ಬಂದಾಗ ನಮ್ಮ ಕನ್ನಡ ಗುಂಪಿನವರೆಲ್ಲ ಮೂಗು ಮುಚ್ಚಿಕೊಂಡು, ದೇಶ ಹಾಳಾಯಿತು ಎನ್ನುತ್ತಿದ್ದರು. ನಾನೂ ಎಂದಿದ್ದೆ. ಆದ್ದರಿಂದ ಹನಿಗಳ ವಿಷಯ ಗಂಡನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಅವ್ವನಿಗೆ ಆಯುರ್ವೇದದ ಎಣ್ಣೆ ಎಂದೆ. ಅವಳು ಸಂತೋಷಪಟ್ಟಳು.

ಹನಿಗಳು ಕೆಲಸ ಮಾಡಿದವು. ಅಮಲೂ ಇಲ್ಲ, ಮಂಪರೂ ಇಲ್ಲ, ರಾತ್ರಿ ನಿದ್ದೆ ಬಂದು ಬೆಳಿಗ್ಗೆ ತಲೆ ತಿಳಿಯಾಗಿರುತ್ತಿತ್ತು. ಎರಡು ತಿಂಗಳು ಮುಗಿದ ಮೇಲೆ ಡಾಕ್ಟರು ಪರೀಕ್ಷೆ ಮಾಡಿ, ಇವರು ವಾಹನ ಓಡಿಸಲು ಸಮರ್ಥರು ಎಂದು ಬರೆದುಕೊಟ್ಟರು. ಮತ್ತೆ ನನ್ನ ಸೀಟಿನಲ್ಲಿ ಕೂತು, ಎದೆಯ ಮೇಲೆ ಬೆಲ್ಟ್ ಎಳೆದುಕೊಂಡ ದಿನ, ಅದು ಬರೀ ಬೆಲ್ಟಿನ ಹಾಗೆ ಅನಿಸಿದಾಗ ನನಗೆ ಆದ ಖುಷಿಯನ್ನು ಹೇಳಲಾರೆ.

ನಾಲ್ಕು ತಿಂಗಳು ಹಾಗೆ ನಡೆಯಿತು. ಆಮೇಲೆ ಒಂದು ಮಂಗಳವಾರ ಬೆಳಿಗ್ಗೆ ಹೆದ್ದಾರಿಯ ಪಕ್ಕದ ಪಾರ್ಕಿಂಗಿನಲ್ಲಿ ಪೊಲೀಸರು ನಮ್ಮ ಕಾರನ್ನು ನಿಲ್ಲಿಸಿದರು. ತುಂಬ ಕ್ಯಾಮೆರಾ, ವೈರು ಇದ್ದ ಗಾಡಿ ನೋಡಿ ಅವರಿಗೆ ಕುತೂಹಲ. ಕಾಗದಪತ್ರ ನೋಡಿದರು, ನಕ್ಕರು, ಔಷಧಿ ಏನಾದರೂ ತಗೊಳ್ಳುತ್ತೀರಾ ಎಂದು ವಾಡಿಕೆಯಂತೆ ಕೇಳಿದರು. ಮೊದಲ ಬೆಂಚಿನ ಹುಡುಗಿಯ ಹಾಗೆ ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ, ಕೇಳದಿದ್ದರೂ ಬ್ಯಾಗಿನಿಂದ ಸರ್ಟಿಫಿಕೇಟನ್ನೂ ತೆಗೆದು ತೋರಿಸಿದೆ. ಅವರು ಮರ್ಯಾದೆಯಿಂದಲೇ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದರು. ಆರು ವಾರ ಕಳೆದು, ಇದು ವೈದ್ಯರು ಬರೆದ ಔಷಧಿಯಾದ್ದರಿಂದ ಪ್ರಕರಣ ಕೈಬಿಡಲಾಗಿದೆ ಎಂಬ ಕಾಗದ ಬಂತು. ಅದನ್ನು ಫೈಲಿನಲ್ಲಿ ಹಾಕಿ, ನನ್ನ ಪಾಲಿಗೆ ಇದು ಮುಗಿಯಿತು ಎಂದುಕೊಂಡೆ.

ಪೊಲೀಸರು ಬಿಟ್ಟರೂ ಲೈಸೆನ್ಸಿನ ಕಚೇರಿ ಬಿಡಬೇಕಲ್ಲ. ನಮ್ಮ ಜಿಲ್ಲೆಯ ಹೆಸರು ಬೇಡ, ಸ್ಟುಟ್‌ಗಾರ್ಟಿನ ಆಸುಪಾಸಿನದು ಎಂದಿಟ್ಟುಕೊಳ್ಳಿ. ಆ ಜಿಲ್ಲಾ ಕಚೇರಿಗೆ ಪೊಲೀಸರು ಮಾಹಿತಿ ಕಳಿಸಿದ್ದರು. ಅಲ್ಲಿಂದ ಬಂದ ಕಾಗದದಲ್ಲಿ ನನ್ನನ್ನು 'ನಿಯಮಿತವಾಗಿ ಕನ್ನಬಿಸ್ ಸೇವಿಸುವ ವ್ಯಕ್ತಿ' ಎಂದು ಕರೆದಿದ್ದರು. ಡಾಕ್ಟರ ಹೆಸರಿಲ್ಲ, ನೋವಿನ ಮಾತಿಲ್ಲ. ಎರಡು ತಿಂಗಳೊಳಗೆ ಮಾನಸಿಕ-ವೈದ್ಯಕೀಯ ಪರೀಕ್ಷೆ ಮಾಡಿಸಿ ವರದಿ ತರದಿದ್ದರೆ ಲೈಸೆನ್ಸ್ ರದ್ದು. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರಿಗೆ ಮಾಡುವ ಪರೀಕ್ಷೆ ಅದು, ಇಲ್ಲಿನ ಜನ ಅದಕ್ಕೆ ದಡ್ಡರ ಪರೀಕ್ಷೆ ಎಂದು ಅಡ್ಡಹೆಸರು ಇಟ್ಟಿದ್ದಾರೆ.

ಪರೀಕ್ಷೆ ಮಾಡುವ ಸಂಸ್ಥೆಗೆ ಫೋನ್ ಮಾಡಿದೆ. ಹತ್ತು ವಾರದ ಮೇಲೆ ಟರ್ಮಿನ್ ಕೊಡುತ್ತೇವೆ ಎಂದರು. ಈ ದೇಶದಲ್ಲಿ ಟರ್ಮಿನ್ ಎಂಬ ಸಮಯ ಗೊತ್ತುಮಾಡಿಕೊಳ್ಳದೆ ಹಲ್ಲೂ ಕೀಳಿಸಿಕೊಳ್ಳಲಾಗದು. ಗಡುವು ಎಂಟು ವಾರ, ಟರ್ಮಿನ್ ಹತ್ತು ವಾರ. ಅದೂ ಹೋಗಲಿ ಎಂದರೆ, ಕನ್ನಬಿಸ್ ಬಿಟ್ಟು ಆರು ತಿಂಗಳಾಗಿದೆ ಎನ್ನುವುದಕ್ಕೆ ಕೂದಲಿನ ಪರೀಕ್ಷೆ ಮಾಡಿಸಿಕೊಂಡು ಬನ್ನಿ, ಇಲ್ಲದಿದ್ದರೆ ಪಾಸಾಗುವುದು ಕಷ್ಟ ಎಂದು ಫೋನಿನಲ್ಲಿದ್ದ ಹೆಂಗಸು ಸಲಹೆ ಕೊಟ್ಟಳು. ಅದು ನನ್ನ ಔಷಧಿ ಎಂದೆ. ಗೊತ್ತಾಯಿತು, ಆದರೂ ಕೂದಲು ತನ್ನಿ ಎಂದಳು. ಔಷಧಿ ಬಿಟ್ಟರೆ ಬೆಲ್ಟ್ ಹಾಕಿಕೊಳ್ಳಲಾಗುವುದಿಲ್ಲ, ತಗೊಂಡರೆ ಬೆಲ್ಟ್ ಹಾಕಿಕೊಳ್ಳಲು ಬಿಡುವುದಿಲ್ಲ. ಎರಡೂ ಕಡೆ ಬಾಗಿಲು ಹಾಕಿ, ಎಲ್ಲಿಂದಾದರೂ ಹೊರಗೆ ಹೋಗು ಎನ್ನುತ್ತಿದ್ದರು.

ಕಚೇರಿಗೆ ಫೋನ್ ಮಾಡಿದರೆ ಬೆಳಿಗ್ಗೆ ಒಂದು ಗಂಟೆ ಹೊತ್ತು ಮಾತ್ರ ಲೈನು ತೆರೆದಿರುತ್ತಿತ್ತು, ಆ ಒಂದು ಗಂಟೆಯೂ ಕಾಯಿಸುವ ಸಂಗೀತ. ಎಂಟನೆಯ ದಿನ ನನ್ನ ಫೈಲು ನೋಡುವ ಅಧಿಕಾರಿ ಸಿಕ್ಕಿದರು. ಡಾಕ್ಟರ ಸರ್ಟಿಫಿಕೇಟು ಇದೆ ಎಂದೆ, ಅದು ಖಾಸಗಿ ಕಾಗದ, ಲೆಕ್ಕಕ್ಕೆ ಬರುವುದಿಲ್ಲ ಎಂದರು. ಟರ್ಮಿನ್ ಸಿಗುತ್ತಿಲ್ಲ ಎಂದೆ, ಅದು ನಿಮ್ಮ ಜವಾಬ್ದಾರಿ ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಹಳೆಯ ಚಪ್ಪಲಿಯ ಹಾಗೆ ಸವೆದ ಧ್ವನಿ. ಊರಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ನಾನು ಕೂಗಾಡುತ್ತಿದ್ದೆ. ಅಂದು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ, ಯಾಕೆ ಎಂದು ಆಗ ಕೇಳಿಕೊಳ್ಳಲಿಲ್ಲ.

ಗಡುವು ಮುಗಿದ ಹದಿನೆಂಟನೆಯ ದಿನ ಹಳದಿ ಲಕೋಟೆ ಬಂತು. ಸಾಧಾರಣ ಕಾಗದಗಳು ಇಲ್ಲಿ ಬಿಳಿ ಲಕೋಟೆಯಲ್ಲಿ ಬರುತ್ತವೆ. ಹಳದಿಯ ಮೇಲೆ ಪೋಸ್ಟಿನವನು ಕೊಟ್ಟ ತಾರೀಖನ್ನು ತನ್ನ ಕೈಯಿಂದ ಬರೆದಿರುತ್ತಾನೆ, ಆಮೇಲೆ ಸಿಗಲಿಲ್ಲ ಎನ್ನುವ ಹಾಗಿಲ್ಲ. ಲೈಸೆನ್ಸ್ ರದ್ದಾಗಿದೆ, ಐದು ದಿನದಲ್ಲಿ ಕಾರ್ಡು ತಂದು ಒಪ್ಪಿಸಿ ಎಂದಿತ್ತು. ಕೊನೆಯ ಪುಟದಲ್ಲಿ ಚಿಕ್ಕ ಅಕ್ಷರದ ನಾಲ್ಕು ಸಾಲು, ಈ ಆದೇಶದ ವಿರುದ್ಧ ಒಂದು ತಿಂಗಳೊಳಗೆ ವೀಡರ್‌ಶ್ಪ್ರುಖ್ ಸಲ್ಲಿಸಬಹುದು ಎಂದು. ವೀಡರ್‌ಶ್ಪ್ರುಖ್ ಎಂದರೆ ಆಕ್ಷೇಪಣೆ. ಆ ನಾಲ್ಕು ಸಾಲನ್ನು ನಾನು ಓದಿದ್ದೆ, ನನ್ನ ಗಂಡನೂ ಓದಿದ್ದ. ಓದಲಿಲ್ಲ ಎಂದು ಇವತ್ತು ಸುಳ್ಳು ಹೇಳುವುದಿಲ್ಲ.

ನನ್ನ ಗಂಡ ಮೈಸೂರು ಕಡೆಯವನು. ಅವರಪ್ಪ ತಾಲ್ಲೂಕು ಕಚೇರಿಯ ಎದುರು ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದವರು. ಮೂರು ಮಕ್ಕಳನ್ನು ಆ ಅರ್ಜಿಗಳಿಂದಲೇ ಓದಿಸಿದವರು. ಅವರ ಪ್ರಕಾರ ಅಧಿಕಾರಿ ಎಂದರೆ ಬಾಗಿಲಿನ ಹಾಗೆ, ಒದ್ದರೆ ಒಳಗಿನಿಂದ ಚಿಲಕ ಬೀಳುತ್ತದೆ, ಮೆಲ್ಲಗೆ ತಟ್ಟಿದರೆ ತೆರೆಯುತ್ತದೆ. ಆ ವಿದ್ಯೆ ಮಗನಿಗೆ ರಕ್ತದಲ್ಲೇ ಬಂದಿದೆ. ಮಗಳ ಶಾಲೆಗೆ, ಬಾಡಿಗೆ ಮನೆಯ ಮಾಲೀಕರಿಗೆ, ವಿಮಾನದ ಕಂಪನಿಗೆ, ಎಲ್ಲರಿಗೂ ಅವನೇ ಬರೆಯುವುದು. ಮೊದಲು ಕನ್ನಡದಲ್ಲಿ ಬರೆದುಕೊಳ್ಳುತ್ತಾನೆ, ಭಾವ ಸರಿಯಾಗಿ ಬಂತೇ ಎಂದು ಗಟ್ಟಿಯಾಗಿ ಓದುತ್ತಾನೆ, ಆಮೇಲೆ ಜರ್ಮನ್ ಭಾಷೆಗೆ ಇಳಿಸುತ್ತಾನೆ. ಅವನ ಜರ್ಮನ್ ನನ್ನದಕ್ಕಿಂತ ಚೆನ್ನಾಗಿದೆ. ಒಂದು ಸಲ ಕಳೆದುಹೋದ ಸೂಟ್‌ಕೇಸಿಗೆ ಅವನು ಬರೆದ ಪತ್ರ ಓದಿ ಯಾರೋ ಪುಣ್ಯಾತ್ಮರು ಎರಡು ಸೂಟ್‌ಕೇಸಿನ ಪರಿಹಾರ ಕಳಿಸಿದ್ದರು. ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ.

ಅವನಿಗೆ ಇನ್ನೊಂದು ಭಯವೂ ಇತ್ತು. ನಮ್ಮ ಮೂವರ ಪೌರತ್ವದ ಅರ್ಜಿ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಒಂದೂವರೆ ವರ್ಷದಿಂದ ಕೂತಿತ್ತು. ಕೆಳಗಿನವರ ಜೊತೆ ಜಗಳ ತೆಗೆದರೆ ಮೇಲಿನವರಿಗೆ ಸುದ್ದಿ ಹೋಗುತ್ತದೆ ಎಂದು ಅವನ ನಂಬಿಕೆ. ಮಧ್ಯಾಹ್ನ ಎಲ್ಲರೂ ಒಂದೇ ಕ್ಯಾಂಟೀನಿನಲ್ಲಿ ಊಟ ಮಾಡುವುದಿಲ್ಲವೇ ಎಂದ. ನನಗೂ ಅದು ಸರಿ ಎನಿಸಿತು.

ಹೀಗೆ ಒಂದು ಭಾನುವಾರ ಊಟದ ಮೇಜಿನ ಮೇಲೆ ಆ ಪತ್ರ ಹುಟ್ಟಿತು. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಯಪೂರ್ವಕವಾಗಿ ಬೇಡಿಕೊಳ್ಳುವುದೇನೆಂದರೆ' ಎಂದು ಶುರುವಾಗಿ, ಕಚೇರಿಯ ಆದೇಶವನ್ನು ಗೌರವದಿಂದ ಒಪ್ಪಿಕೊಂಡಿದ್ದೇನೆ, ನನ್ನಿಂದ ಆದ ತೊಂದರೆಗೆ ವಿಷಾದಿಸುತ್ತೇನೆ, ಸಹಾನುಭೂತಿಯಿಂದ ಪರಿಶೀಲಿಸಬೇಕು ಎಂದು ಎರಡು ಪುಟ ಹರಿದಿತ್ತು. ಎಲ್ಲಕ್ಕಿಂತ ಕೊನೆಗೆ, ಅಧಿಕಾರಿಗಳ ಮನಸ್ಸಿಗೆ ಎಲ್ಲಿ ನೋವಾಗುತ್ತದೋ ಎಂದು ಅವನು ಹುಡುಕಿ ಹುಡುಕಿ ಸೇರಿಸಿದ ಒಂದು ಸಾಲು. ಇದು ಆಕ್ಷೇಪಣೆಯಲ್ಲ, ಕೇವಲ ವಿನಂತಿ.

ಜರ್ಮನ್ ತಪ್ಪು ತಿದ್ದಲು ಮಗಳಿಗೆ ಕೊಟ್ಟೆವು. ಹದಿಮೂರು ವರ್ಷದವಳು. ನಾವು ಕನ್ನಡದಲ್ಲಿ ಕೇಳಿದರೆ ಜರ್ಮನಿನಲ್ಲಿ ಉತ್ತರ ಕೊಡುವ ತಳಿ. ವ್ಯಾಕರಣ ಸರಿಯಾಗಿದೆ, ಆದರೆ ಪ್ರೇಮಪತ್ರದ ಹಾಗಿದೆ ಎಂದು ಹೇಳಿ ತನ್ನ ಕೋಣೆಗೆ ಹೋದಳು. ನಾವಿಬ್ಬರೂ ನಕ್ಕೆವು. ನಾನು ಸಹಿ ಹಾಕಿದೆ. ಮರುದಿನ ಕಾರ್ಡನ್ನೂ ಪತ್ರವನ್ನೂ ಒಟ್ಟಿಗೇ ಕೌಂಟರಿನಲ್ಲಿ ಕೊಟ್ಟು ಬಂದೆವು. ಅಲ್ಲಿದ್ದ ಹೆಂಗಸು ಪತ್ರ ತಗೊಂಡು ಮುಗುಳ್ನಕ್ಕಳು. ನೋಡಿದೆಯಾ ಎನ್ನುವ ಹಾಗೆ ನನ್ನ ಗಂಡ ನನ್ನ ಕಡೆ ನೋಡಿದ.

ಏಳು ವಾರ ಕಾದೆವು. ಉತ್ತರ ಅರ್ಧ ಪುಟ. ನಿಮ್ಮ ಪತ್ರಕ್ಕೆ ಧನ್ಯವಾದಗಳು, ನೀವು ಆಕ್ಷೇಪಣೆ ಸಲ್ಲಿಸುತ್ತಿಲ್ಲ ಎನ್ನುವುದನ್ನು ಗಮನಿಸಲಾಗಿದೆ, ಗಡುವು ಮುಗಿದಿರುವುದರಿಂದ ಆದೇಶ ಅಂತಿಮವಾಗಿದೆ.

ಕಂಪನಿಯಲ್ಲಿ ಬೆನ್ನುನೋವು ಎಂದು ಹೇಳಿದ್ದೆ. ಲೈಸೆನ್ಸ್ ಇಲ್ಲದವಳನ್ನು ರಸ್ತೆಗೆ ಬಿಡುವ ಹಾಗಿಲ್ಲ, ಕೊನೆಗೆ ಮ್ಯಾನೇಜರಿಗೆ ಲೈಸೆನ್ಸ್ ವಿಷಯ ಮಾತ್ರ ತಿಳಿಸಬೇಕಾಯಿತು. ಅವರು ನನ್ನನ್ನು ನೆಲಮಾಳಿಗೆಯ ಲ್ಯಾಬಿಗೆ ಹಾಕಿದರು. ಕಿಟಕಿಯಿಲ್ಲದ ಕೋಣೆ, ಗೋಡೆಯ ತುಂಬ ದೊಡ್ಡ ಪರದೆ. ಬೇರೆಯವರು ಓಡಿಸಿ ತಂದ ರಸ್ತೆಗಳನ್ನು ಅದರಲ್ಲಿ ನೋಡುತ್ತಾ ಕೂರಬೇಕು. ದಿನಕ್ಕೆ ಎಂಟು ಗಂಟೆ ನಾನು ರಸ್ತೆ ನೋಡಿದೆ. ಹೆದ್ದಾರಿ, ದ್ರಾಕ್ಷಿ ತೋಟದ ಇಳಿಜಾರು, ಹಿಮ ಬಿದ್ದ ಊರುಗಳು ಎಲ್ಲ ಕಣ್ಣೆದುರು ಬಂದು ಹಿಂದೆ ಹೋಗುತ್ತಿದ್ದವು, ನಾನು ಕೂತಲ್ಲೇ ಇರುತ್ತಿದ್ದೆ. ಎಲ್ಲಿ ಕಾರು ಸುಮ್ಮನೆ ಬ್ರೇಕ್ ಹಾಕಿತೋ ಅಲ್ಲಿ ಒಂದು ಗುಂಡಿ ಒತ್ತಬೇಕು. ಪರದೆಯಲ್ಲಿ ಕಾರು ತಿರುಗಿದಾಗ ನನ್ನ ಕೈಗಳು ತಾವಾಗಿಯೇ ತಿರುಗುತ್ತಿದ್ದವು. ಯಾರಾದರೂ ನೋಡಿಬಿಟ್ಟಾರು ಎಂದು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದೆ.

ಮನೆಯೂ ಗುಡ್ಡದ ಮೇಲೆ. ಕೆಳಗಿನ ಎಸ್-ಬಾನ್ ಲೋಕಲ್ ರೈಲಿನ ಸ್ಟೇಷನ್ನಿಗೆ ಇಪ್ಪತ್ತೈದು ನಿಮಿಷ ನಡಿಗೆ, ಬಸ್ಸು ತಾಸಿಗೊಂದು. ಚಳಿಗಾಲದಲ್ಲಿ ಕತ್ತಲಲ್ಲಿ ಇಳಿದು, ಕಿಟಕಿಯಿಲ್ಲದ ಕೋಣೆಯಲ್ಲಿ ದಿನ ಕಳೆದು, ಕತ್ತಲಲ್ಲೇ ಹತ್ತುತ್ತಿದ್ದೆ. ಭಾನುವಾರ ಕನ್ನಡದವರ ಮನೆಗಳಿಗೆ ಹೋದಾಗ ಗಂಡನೇ ಓಡಿಸುವುದನ್ನು ನೋಡಿ, ಈಗ ಮಹಾರಾಣಿ ಆಗಿಬಿಟ್ಟಿರಿ ಎಂದು ಹೆಂಗಸರು ಛೇಡಿಸುತ್ತಿದ್ದರು. ನಾನು ನಗುತ್ತಿದ್ದೆ. ಒಳಗೆ ಕುದಿಯುತ್ತಿದ್ದೆ. ಸಿಟ್ಟು ಬರುತ್ತಿತ್ತು, ಆದರೆ ಅದನ್ನು ಯಾರ ಮೇಲೆ ಹಾಕಬೇಕೋ ತಿಳಿಯುತ್ತಿರಲಿಲ್ಲ. ಪಾತ್ರೆಗಳ ಮೇಲೆ ಹಾಕಿದೆ, ಮಗಳ ಮೇಲೆ ಹಾಕಿದೆ.

ಹೊಸದಾಗಿ ಲೈಸೆನ್ಸಿಗೆ ಅರ್ಜಿ ಹಾಕಿ, ಬೇರೆ ಅಧಿಕಾರಿಯ ಕೈಗೆ ಫೈಲು ಹೋಗಿ, ಅವರು ಕೇಳಿದ ಒಂದು ಸಾಧಾರಣ ವೈದ್ಯಕೀಯ ವರದಿ ಕೊಟ್ಟು ನನಗೆ ಕಾರ್ಡು ವಾಪಸು ಸಿಕ್ಕಿದ್ದು ಹದಿನಾಲ್ಕು ತಿಂಗಳ ಮೇಲೆ. ಹನಿ ಬಿಡಬೇಕಾಗಲಿಲ್ಲ, ಕೂದಲು ಕೊಡಬೇಕಾಗಲಿಲ್ಲ. ಹೊಸ ಅಧಿಕಾರಿ ವಯಸ್ಸಾದವರು. ಫೈಲು ಮುಚ್ಚುತ್ತಾ, ಔಷಧಿ ತೆಗೆದುಕೊಳ್ಳುವವರಿಗೆ ಆ ದೊಡ್ಡ ಪರೀಕ್ಷೆ ಕೇಳಬಾರದಿತ್ತು, ಮೊದಲೇ ಈ ವರದಿ ಕೇಳಿದ್ದರೆ ಸಾಕಿತ್ತು ಎಂದು ಹವಾಮಾನದ ಬಗ್ಗೆ ಹೇಳುವ ಹಾಗೆ ಹೇಳಿದರು. ನಾನು ಆ ಕಾರ್ಡು ಹಿಡಿದು ನೇರ ಮ್ಯಾನೇಜರ ಹತ್ತಿರ ಹೋದೆ. ಅವರು ಅಭಿನಂದನೆ ಹೇಳಿದರು. ನನ್ನ ಸೀಟಿನಲ್ಲಿ ಆಗಲೇ ಬೇರೆಯವನು ಕೂತು ಒಂದು ವರ್ಷವಾಗಿತ್ತು. ಅಲ್ಲದೆ ಕಂಪನಿ ರಸ್ತೆಯ ಗುಂಪನ್ನೇ ಅರ್ಧಕ್ಕೆ ಇಳಿಸಿತ್ತು. ಲ್ಯಾಬಿನಲ್ಲಿ ನಿಮ್ಮ ಕೆಲಸ ಎಲ್ಲರಿಗೂ ಮೆಚ್ಚುಗೆಯಾಗಿದೆ ಎಂದರು.

ಅಂದು ಲ್ಯಾಬಿಗೆ ಹಿಂದಿರುಗಿ ನನ್ನ ಪಕ್ಕದ ಮೇಜಿನವರ ಎದುರು ಎಲ್ಲವನ್ನೂ ಕಕ್ಕಿಬಿಟ್ಟೆ. ಅವರು ಕಲಬುರಗಿಯ ಸಾಹೇಬರು, ಇಲ್ಲಿಗೆ ಬಂದು ಹದಿನೇಳು ವರ್ಷವಾದ ಎಂಜಿನಿಯರು, ಶುಕ್ರವಾರ ನಮಾಜಿಗೆ ತಪ್ಪದೆ ಹೋಗುವವರು. ಗಾಂಜಾ ಎಂಬ ಮಾತನ್ನು ಅವರೆದುರು ಹೇಗೆ ತೆಗೆಯುವುದು ಎಂದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಅವರು ಪೂರ್ತಿ ಕೇಳಿದರು. ಬಾಡಿಗೆ ಮನೆಯ ಮಾಲೀಕರ ಮೇಲೆ, ತೆರಿಗೆಯವರ ಮೇಲೆ, ಮಗನ ಶಾಲೆಯ ಮೇಲೆ ತಾವೇ ನಾಲ್ಕು ಆಕ್ಷೇಪಣೆ ಹಾಕಿ ಮೂರು ಗೆದ್ದಿರುವುದನ್ನು ಹೇಳಿದರು.

“ಮೇಡಂ, ಇಲ್ಲಿ ವೀಡರ್‌ಶ್ಪ್ರುಖ್ ಅಂದ್ರ ಜಗಳ ಅಲ್ರಿ. ಅವರಿಗಿ ಸಿಟ್ಟು ಬರಂಗಿಲ್ಲ, ಅದು ಅವರ ದಿನದ ಕೆಲ್ಸ. ಒಂದ್ ಮಾತ್ ನನಗ ಕೇಳಿದ್ರ ಆಗ್ತಿತ್ತು. ಒಂದ್ ಸಾಲು ಬರದ್ರ ಸಾಕಿತ್ರಿ.”

ಎರಡು ಪುಟ ಬರೆದಿದ್ದೇವೆ ಎಂದು ನಾನು ಅವರಿಗೆ ಹೇಳಲಿಲ್ಲ. ಕಚೇರಿ ತಪ್ಪು ಮಾಡಿದರೆ ನಷ್ಟ ತುಂಬಿಕೊಡಬೇಕು, ಅದಕ್ಕೆ ಕಾನೂನು ಇದೆ ಎಂದು ಹೇಳಿ ಅವರೇ ಒಬ್ಬ ವಕೀಲೆಯ ವಿಳಾಸ ಕೊಟ್ಟರು. ಆ ಮಾತು ಕೇಳಿ ನನಗೆ ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಉಸಿರು ಬಂದ ಹಾಗಾಯಿತು. ಕೊನೆಗೂ ಸಿಟ್ಟಿಗೆ ಒಂದು ವಿಳಾಸ ಸಿಕ್ಕಿತು. ನನ್ನ ಸೀಟು ಹೋದದ್ದು ನಿಮ್ಮಿಂದ ಎಂದು ಆ ಕಚೇರಿಯ ಬಾಯಿಯಿಂದಲೇ ಹೇಳಿಸಬೇಕು, ಆ ಕಾಗದ ಹಿಡಿದು ಮ್ಯಾನೇಜರ ಮುಂದೆ ಮತ್ತೆ ಹೋಗಬೇಕು ಎಂದು ನಾನು ಹಟ ಹಿಡಿದೆ. ಎರಡು ರಾತ್ರಿ ಕೂತು ಕಾಗದಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿದೆ. ಗಂಡ ಸುಮ್ಮನೆ ನೋಡುತ್ತಿದ್ದ.

ವಕೀಲೆ ನನಗಿಂತ ಚಿಕ್ಕವಳು. ನೆಗಡಿಯಾಗಿತ್ತು, ಮಾತಿಗೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದಳು. ಫೈಲನ್ನು ಮೊದಲಿನಿಂದ ನಿಧಾನವಾಗಿ ಓದಿದಳು. ಕಚೇರಿ ತಪ್ಪು ಮಾಡಿದೆ, ಇದರಲ್ಲಿ ನನಗೆ ಸಂಶಯವಿಲ್ಲ ಎಂದಳು. ಇಂಥದ್ದರಲ್ಲಿ ಆ ಅಧಿಕಾರಿಯ ಮೇಲೆ ದಾವೆ ಹಾಕುವುದಲ್ಲ, ಜಿಲ್ಲಾಡಳಿತದ ಮೇಲೆಯೇ ಹಾಕುವುದು ಎಂದೂ ವಿವರಿಸಿದಳು. ನನ್ನ ಗಂಡನ ಮುಖ ಅರಳಿತು. ಆಮೇಲೆ ಅವಳು ಪುಟ ತಿರುಗಿಸಿದಳು, ಪತ್ರ ಬಂತು. ಎರಡು ಪುಟವನ್ನೂ ಓದಿ, ಕೊನೆಯ ಸಾಲಿನ ಕೆಳಗೆ ಪೆನ್ಸಿಲ್ಲಿನಿಂದ ಮೆಲ್ಲಗೆ ಗೆರೆ ಎಳೆದಳು.

ಸರ್ಕಾರ ತಪ್ಪು ಮಾಡಿದಾಗ, ಆ ತಪ್ಪನ್ನು ತಡೆಯುವ ದಾರಿ ನಿಮ್ಮ ಕೈಯಲ್ಲಿದ್ದೂ ನೀವು ನಿಮ್ಮದೇ ಅಲಕ್ಷ್ಯದಿಂದ ಅದನ್ನು ಬಳಸದಿದ್ದರೆ, ಸರ್ಕಾರ ನಷ್ಟ ತುಂಬಿಕೊಡಬೇಕಾಗಿಲ್ಲ ಎನ್ನುತ್ತದಂತೆ ಇಲ್ಲಿನ ಕಾನೂನು. ಮೊದಲು ತಡೆಯಬೇಕು, ತಡೆಯಲಾಗದಿದ್ದರೆ ಮಾತ್ರ ಕೇಳಬೇಕು. ಸುಮ್ಮನಿದ್ದು ಆಮೇಲೆ ಕೇಳುವ ಹಾಗಿಲ್ಲ. ಬರೀ ಸುಮ್ಮನಿದ್ದಿದ್ದರೂ ಏನಾದರೂ ವಾದಿಸಬಹುದಿತ್ತು, ಭಾಷೆ ಗೊತ್ತಾಗಲಿಲ್ಲ, ಕಾಗದ ಅರ್ಥವಾಗಲಿಲ್ಲ ಎನ್ನಬಹುದಿತ್ತು. ಸ್ವಲ್ಪ ಕೆಟ್ಟದಾಗಿ ಬರೆದ ಪತ್ರವನ್ನಾದರೂ ಇದು ಆಕ್ಷೇಪಣೆಯೇ ಎಂದು ಎಳೆದಾಡಬಹುದಿತ್ತು. ಇದು ಇಷ್ಟು ಚೆನ್ನಾದ ಜರ್ಮನಿನಲ್ಲಿದೆ ಎಂದು ಅವಳು ಬೇಸರದಿಂದ ಹೇಳಿದಳು. ಆಕ್ಷೇಪಣೆ ಎಂದರೇನೆಂದು ನಿಮಗೆ ಗೊತ್ತಿತ್ತು, ಅದನ್ನು ಎತ್ತುವುದಿಲ್ಲ ಎಂದು ನೀವೇ ಬರೆದುಕೊಟ್ಟಿದ್ದೀರಿ.

“ಇದನ್ನು ನಿಮಗೆ ಬೇರೆ ಯಾರಾದರೂ ಬರೆದುಕೊಟ್ಟರೇ?” ಎಂದು ಕೇಳಿದಳು. ವಕೀಲರೋ ಸಲಹಾ ಕೇಂದ್ರದವರೋ ಬರೆದಿದ್ದರೆ ಅವರನ್ನು ಹಿಡಿಯಬಹುದಿತ್ತಂತೆ.

ನನ್ನ ಗಂಡ ಬಾಯಿ ತೆರೆದ. ನಾನು ಮೇಜಿನ ಕೆಳಗೆ ಅವನ ಕಾಲು ತುಳಿದು, ನಾನೇ ಬರೆದದ್ದು ಎಂದೆ. ಅವಳು ತಲೆ ಅಲ್ಲಾಡಿಸಿ ಫೈಲನ್ನು ಮುಚ್ಚಿದಳು. ಬಾಗಿಲವರೆಗೆ ಬಂದು, ಬೇಸರ ಮಾಡಿಕೊಳ್ಳಬೇಡಿ, ತುಂಬ ಒಳ್ಳೆಯ ಪತ್ರ ಎಂದಳು.

ಹೋಗುವಾಗ ಕಾರು ಓಡಿಸಿದ್ದು ನಾನು. ಬರುವಾಗ ಕೀಲಿಯನ್ನು ಅವನಿಗೆ ಕೊಟ್ಟೆ. ಊರು ದಾಟುವ ಸುರಂಗದಲ್ಲಿ ಸಂಜೆಯ ಸಾಲು, ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಹಿಂದೆಯೂ ಹೋಗುವಂತಿಲ್ಲ, ಮುಂದೆಯೂ ಹೋಗುವಂತಿಲ್ಲ. ತುಂಬ ಹೊತ್ತು ಅವನು ಎದುರಿನ ಗಾಡಿಯ ಕೆಂಪು ದೀಪ ನೋಡುತ್ತಿದ್ದ.

“ನಾನ್ ಬರ್ದಿದ್ದು ಅಂತ ಯಾಕ್ ಹೇಳ್ಲಿಲ್ಲ?” ಎಂದ.

“ಹೇಳಿದ್ರ ಏನ್ ಆಗ್ತಿತ್ತು. ಸೈನ್ ನಂದ ಐತಲ್ಲ.”

“ಅದನ್ನೇ ನಾನೂ ಕೇಳ್ಬೇಕು ಅಂತಿದ್ದೆ ಇಷ್ಟ್ ದಿನ,” ಎಂದ. ಅವನ ಧ್ವನಿ ಒಡೆದಿತ್ತು. “ಸೈನ್ ಯಾಕ್ ಮಾಡ್ದೆ ನೀನು? ತರಕಾರಿಯವನ ಹತ್ರಾನೂ ಬಿಡೋಳಲ್ಲ. ಆ ಕಾಗ್ದ ಹರ್ದು ನನ್ ಮುಖಕ್ಕೆ ಎಸೀತೀಯ ಅಂದ್ಕೊಂಡೇ ಬರ್ದಿದ್ದೆ ಕಣೇ. ನೀನು ಎಸೆದಿದ್ರೆ ಅದೇ ಮೇಜಿನ ಮೇಲೆ ಆಕ್ಷೇಪಣೆ ಬರೀತಿದ್ದೆ. ನಂಗೆ ನಿನ್ ಧೈರ್ಯ ಬೇಕಿತ್ತು ಅಷ್ಟೆ.”

ನನ್ನ ಬಾಯಿಯಲ್ಲಿ ಉತ್ತರಗಳು ಸಿದ್ಧವಾಗಿದ್ದವು. ಪೌರತ್ವ ಎನ್ನಬಹುದಿತ್ತು, ನಿನ್ನ ಮಾತು ಕೇಳಿದೆ ಎನ್ನಬಹುದಿತ್ತು. ಆದರೆ ಆ ಸುರಂಗದಲ್ಲಿ ಹೇಳಿದ್ದು ಬೇರೆಯೇ ಆಯಿತು.

“ಗಾಂಜಾ ತಗೊಂಡೀನಿ, ಹಿಡದಾರ, ಬರೋಬರಿ ಮಾಡ್ಯಾರ ಅಂತ ನನಗೂ ಅನ್ಸಿತ್ತು,” ಎಂದೆ. “ತಪ್ಪು ನಂದ ಅಂತ ಅನ್ಸಿತ್ತು. ಅದಕ್ಕ ಮಾಡ್ದೆ.”

ಅಲ್ಲಿಯವರೆಗೆ ಈ ಮಾತನ್ನು ನಾನು ನನಗೂ ಹೇಳಿಕೊಂಡಿರಲಿಲ್ಲ. ಎರಡು ಪುಟವನ್ನೂ ನಾನು ಓದಿದ್ದೆ, ಓದುವಾಗ ನನಗೆ ಹಿತವಾಗಿತ್ತು. ವಿಷಾದಿಸುತ್ತೇನೆ ಎನ್ನುವ ಸಾಲಿಗೆ ಬಂದಾಗ ಎದೆಯ ಭಾರ ಇಳಿದಿತ್ತು. ಡಾಕ್ಟರು ಬರೆದುಕೊಟ್ಟಿದ್ದರು, ಪೊಲೀಸರು ಬಿಟ್ಟಿದ್ದರು, ಕಾನೂನು ನನ್ನ ಕಡೆಗಿತ್ತು, ನಾನೊಬ್ಬಳೇ ನನ್ನ ಕಡೆಗಿರಲಿಲ್ಲ.

ಮುಂದಿನ ಗಾಡಿ ಸ್ವಲ್ಪ ಸರಿಯಿತು, ನಾವೂ ಸ್ವಲ್ಪ ಸರಿದೆವು. ಕಾರ್ಡು ಒಪ್ಪಿಸಿದ ದಿನ ನಾನು ಅತ್ತಿರಲಿಲ್ಲ, ಸೀಟು ಹೋಯಿತೆಂದು ತಿಳಿದ ದಿನವೂ ಅತ್ತಿರಲಿಲ್ಲ. ಅಂದು ಸುರಂಗ ದಾಟಿ, ಗುಡ್ಡ ಹತ್ತಿ, ಮನೆಯ ಮುಂದೆ ಗಾಡಿ ನಿಲ್ಲುವವರೆಗೂ ಅತ್ತೆ.